ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಕೆಡುವ ಮೊದಲೇ ಗೊತ್ತಾಗುತ್ತಾ? ಪದೇ ಪದೇ ಕೇಳುವ ಪ್ರಶ್ನೆಗಳು

ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ವಿದ್ಯುತ್ ಸಬ್‌ಸ್ಟೇಷನ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಟೆಸ್ಟಿಂಗ್ ಮಾಡಿಕೊಂಡು ಬಂದವನು ನಾನು. ಜೀಪಿನಿಂದ ಕಿಟ್ ಇಳಿಸಿ ವೈರ್ ಕಟ್ಟುವಷ್ಟರಲ್ಲಿ ಯಾರಾದರೂ ಪಕ್ಕಕ್ಕೆ ಬಂದು "ಸಾರ್, ಒಂದು ಡೌಟು" ಎನ್ನುತ್ತಾರೆ. ಅಪ್ರೆಂಟಿಸ್ ಹುಡುಗರು ಕೇಳುತ್ತಾರೆ, ಶಿಫ್ಟ್ ಆಪರೇಟರ್‌ಗಳು ಕೇಳುತ್ತಾರೆ, ಒಮ್ಮೊಮ್ಮೆ ಬೇಲಿಯಾಚೆ ನಿಂತ ತೋಟದ ಯಜಮಾನರೂ ಕೇಳುತ್ತಾರೆ. ಡೌಟು ಮಾತ್ರ ಹೆಚ್ಚುಕಮ್ಮಿ ಅವವೇ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ.

ವೈಂಡಿಂಗ್ ಫಾಲ್ಟ್ ಅಂದ್ರೆ ಒಳಗೆ ಏನಾಗಿರುತ್ತೆ?

ತಾಮ್ರದ ಪಟ್ಟಿಗೆ ಕಾಗದ ಸುತ್ತಿ, ಆ ಪಟ್ಟಿಯನ್ನು ಉಕ್ಕಿನ ತಗಡು ಜೋಡಿಸಿದ ಕೋರ್‌ನ ಕಾಲಿಗೆ ನೂರಾರು ಸುತ್ತು ಸುತ್ತಿರುತ್ತಾರೆ. ಅಷ್ಟೂ ಎಣ್ಣೆಯಲ್ಲಿ ಮುಳುಗಿರುತ್ತದೆ. ಎಲ್ಲೋ ಒಂದು ಕಡೆ ಕಾಗದ ಸವೆದು ಅಥವಾ ಸುಟ್ಟು, ಅಕ್ಕಪಕ್ಕದ ಎರಡು ಸುತ್ತುಗಳ ತಾಮ್ರ ಒಂದಕ್ಕೊಂದು ತಾಗಿತು ಎಂದರೆ ಅದೇ ಇಂಟರ್‌ಟರ್ನ್ ಫಾಲ್ಟ್. ಟ್ಯಾಂಕಿನ ಬಾಡಿಗೆ ಶಾರ್ಟ್ ಆಗುವುದು, ಎಚ್‌ವಿ-ಎಲ್‌ವಿ (ಹೈ ವೋಲ್ಟೇಜ್, ಲೋ ವೋಲ್ಟೇಜ್) ವೈಂಡಿಂಗುಗಳ ನಡುವೆ ಹೊಡೆಯುವುದು, ವೈಂಡಿಂಗ್ ಸೊಟ್ಟಗಾಗುವುದು, ಜಾಯಿಂಟ್ ಸಡಿಲವಾಗುವುದು, ಇವೂ ಇವೆ. ಆದರೆ ದೊಡ್ಡ ಅನಾಹುತ ಎಂದು ನಾವು ನೋಡುವ ಎಷ್ಟೋ ಕೇಸುಗಳು ಇಂಥ ಒಂದೆರಡು ಸುತ್ತಿನಿಂದಲೇ ಶುರುವಾಗಿರುತ್ತವೆ. ಈ ಪುಟದಲ್ಲಿ ಜಾಸ್ತಿ ಮಾತು ಅದರ ಬಗ್ಗೆಯೇ.

ಶಾರ್ಟ್ ಆಯ್ತು ಅಂದ್ಮೇಲೆ ಡಿಫರೆನ್ಷಿಯಲ್ ರಿಲೇ ಯಾಕೆ ಸುಮ್ನಿರುತ್ತೆ?

ಎಲ್ಲರೂ ಕೇಳಬೇಕಾದ ಪ್ರಶ್ನೆ ಇದು. ಟ್ರಾನ್ಸ್‌ಫಾರ್ಮರಿಗೆ ಒಳಹೋಗುವ, ಹೊರಬರುವ ಕರೆಂಟುಗಳನ್ನು ಹೋಲಿಸಿ, ವ್ಯತ್ಯಾಸ ಕಂಡರೆ ಟ್ರಿಪ್ ಮಾಡುವುದು ಈ ರಿಲೇಯ ಕೆಲಸ. ಲೆಕ್ಕ ಹಾಕಿಯೇ ನೋಡೋಣ.

110/11 ಕೆವಿ, 10 ಎಂವಿಎ ಟ್ರಾನ್ಸ್‌ಫಾರ್ಮರ್ ತೆಗೆದುಕೊಳ್ಳಿ. 110 ಕೆವಿ ಕಡೆ ಫುಲ್ ಲೋಡ್ ಕರೆಂಟ್ ಸುಮಾರು 52.5 ಆಂಪಿಯರ್. ಎಚ್‌ವಿ ವೈಂಡಿಂಗ್ ಸ್ಟಾರ್ (ಮೂರೂ ಫೇಸಿನ ಒಂದೊಂದು ತುದಿ ಒಂದೆಡೆ ಸೇರಿದ ಜೋಡಣೆ), ಫೇಸಿಗೆ 1000 ಸುತ್ತು ಅಂತಿಟ್ಟುಕೊಳ್ಳಿ. ಫೇಸಿನ 63.5 ಕೆವಿ ಅಷ್ಟೂ ಸುತ್ತಿಗೆ ಹಂಚಿದರೆ ಒಂದು ಸುತ್ತಿಗೆ 63.5 ವೋಲ್ಟ್. ಈಗ ಒಂದೇ ಒಂದು ಸುತ್ತು ಶಾರ್ಟ್ ಆಯಿತು. ಆ ಸುತ್ತಿನೊಳಗೇ ಕರೆಂಟ್ ಗಿರಗಿರ ತಿರುಗುತ್ತದೆ. ಅದು ಫುಲ್ ಲೋಡಿನ 50 ಪಟ್ಟು ಎಂದುಕೊಂಡರೆ 2625 ಆಂಪಿಯರ್. ಶಾಖ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುತ್ತದೆ, ಅಂದರೆ ಆ ಸುತ್ತಿನಲ್ಲಿ ಮಾಮೂಲಿಗಿಂತ 2500 ಪಟ್ಟು. ಕಾಗದ ಉಳಿಯುತ್ತದೆಯೇ?

ಹೊರಗಿನ ಲೈನಿಗೆ ಇದು ಹೇಗೆ ಕಾಣುತ್ತದೆ ನೋಡಿ. ಒಂದು ಸುತ್ತಿನ 2625 ಆಂಪಿಯರ್ ಅನ್ನು 1000 ಸುತ್ತಿನ ವೈಂಡಿಂಗ್ ಸರಿದೂಗಿಸಬೇಕು. ಅದಕ್ಕೆ 2.6 ಆಂಪಿಯರ್ ಸಾಕು, ಫುಲ್ ಲೋಡಿನ ಶೇ. 5 ಅಷ್ಟೇ. ಡಿಫರೆನ್ಷಿಯಲ್ ರಿಲೇಯ ಪಿಕಪ್ ಅನ್ನು, ಅಂದರೆ ಎಷ್ಟು ವ್ಯತ್ಯಾಸಕ್ಕೆ ಅದು ಎಚ್ಚರಾಗಬೇಕು ಎನ್ನುವುದನ್ನು, ಸಾಮಾನ್ಯವಾಗಿ ಶೇ. 20ರಿಂದ 30ಕ್ಕೆ ಇಟ್ಟಿರುತ್ತಾರೆ. ಶೇ. 5ಕ್ಕೇ ಇಡಬಾರದೇ ಎಂದರೆ, ವೋಲ್ಟೇಜ್ ಹೊಂದಿಸಲು ಸುತ್ತು ಹೆಚ್ಚುಕಮ್ಮಿ ಮಾಡುವ ಟ್ಯಾಪ್ ಚೇಂಜರ್ ಒಂದು ತುದಿಗೆ ಹೋದರೆ ಅದೊಂದೇ ಶೇ. 10ರಷ್ಟು ವ್ಯತ್ಯಾಸ ತರಬಹುದು. ರಿಲೇಗೆ ಕರೆಂಟ್ ಅಳೆದು ಕೊಡುವ ಸಿಟಿಗಳ (ಕರೆಂಟ್ ಟ್ರಾನ್ಸ್‌ಫಾರ್ಮರ್) ತಪ್ಪು ಬೇರೆ. ಅಷ್ಟು ಸೂಕ್ಷ್ಮ ಮಾಡಿದರೆ ದಿನಾ ಸುಮ್‌ಸುಮ್ನೆ ಟ್ರಿಪ್.

ಆರ್‌ಇಎಫ್ (ರಿಸ್ಟ್ರಿಕ್ಟೆಡ್ ಅರ್ತ್ ಫಾಲ್ಟ್) ರಿಲೇ ಇದೆಯಲ್ಲಾ ಎಂದೂ ಕೇಳುತ್ತಾರೆ. ಅದು ಭೂಮಿಗೆ ಹೋಗುವ ಕರೆಂಟ್ ನೋಡುತ್ತದೆ. ಸುತ್ತಿನೊಳಗೇ ತಿರುಗುವ ಕರೆಂಟ್ ಭೂಮಿಗೆ ಹೋಗುವುದೇ ಇಲ್ಲ. ಹೊಸ ನ್ಯೂಮರಿಕಲ್ ರಿಲೇಗಳಲ್ಲಿ ಮೂರು ಫೇಸುಗಳ ಅಸಮತೋಲನ ನೋಡುವ ನೆಗೆಟಿವ್ ಸೀಕ್ವೆನ್ಸ್ ಡಿಫರೆನ್ಷಿಯಲ್ ಎಂಬ ವ್ಯವಸ್ಥೆ ಇದ್ದರೆ, ಇಂಥ ಸಣ್ಣ ಫಾಲ್ಟಿಗೆ ಅದು ಹಳೆಯದಕ್ಕಿಂತ ಚುರುಕು.

ಮಲೆನಾಡಲ್ಲಿ ಈ ತೊಂದರೆಗೆ ಕಾರಣ ಜಾಸ್ತಿ ಅಂತಾರಲ್ಲ, ಹೌದಾ?

ಕಾರಣಗಳು ಜಾಸ್ತಿ, ಹೌದು. ಮೊದಲನೆಯದು ಸಿಡಿಲು. ಭರಣಿ, ಕೃತ್ತಿಕೆ ಮಳೆಯ ಹೊತ್ತಿಗೆ ಇಲ್ಲಿ ಗುಡುಗು ಸಿಡಿಲಿನ ಆರ್ಭಟ ಹೇಗಿರುತ್ತದೆ ಎಂದು ಗೊತ್ತಲ್ಲ. ಲೈನಿಗೆ ಸಿಡಿಲು ಬಡಿದಾಗ ಬರುವ ಸರ್ಜ್ ವೈಂಡಿಂಗಿನ ಉದ್ದಕ್ಕೂ ಸಮನಾಗಿ ಹಂಚಿಕೊಳ್ಳುವುದಿಲ್ಲ. ಮೊದಲ ಕ್ಷಣದಲ್ಲಿ ಅದರ ಬಹುಪಾಲು ಲೈನ್ ಕಡೆಯ ಮೊದಲ ಕೆಲವು ಸುತ್ತುಗಳ ಮೇಲೆಯೇ ಬೀಳುತ್ತದೆ. ಸಿಡಿಲಿನ ಸರ್ಜನ್ನು ಭೂಮಿಗೆ ಇಳಿಸುವ ಅರೆಸ್ಟರ್ ಇದ್ದರೂ ಒಂದಿಷ್ಟು ಪೆಟ್ಟು ಒಳಗೆ ಹೋಗಿಯೇ ಹೋಗುತ್ತದೆ. ಬಿಚ್ಚಿದ ಟ್ರಾನ್ಸ್‌ಫಾರ್ಮರ್‌ಗಳಲ್ಲಿ ವೈಂಡಿಂಗಿನ ಮೇಲಿನ ಡಿಸ್ಕುಗಳನ್ನು (ತಟ್ಟೆಯಂತೆ ಸುತ್ತಿದ ಭಾಗಗಳನ್ನು) ನಾನು ಮೊದಲು ನೋಡುವುದು ಅದಕ್ಕೇ.

ಎರಡನೆಯದು ಮರ. ಕಾಡಿನ ನಡುವೆ, ಅಡಿಕೆ ತೋಟದ ಅಂಚಿನಲ್ಲಿ ಹಾದುಹೋಗುವ 11 ಕೆವಿ ಲೈನಿನ ಮೇಲೆ ಆರಿದ್ರಾ ಮಳೆಯಲ್ಲಿ ದಿನಕ್ಕೊಂದು ಕೊಂಬೆ, ಬಿದಿರು, ಸೋಗೆ. ಪ್ರತಿ ಸಲವೂ ಫೀಡರ್ ಟ್ರಿಪ್ ಆಗುತ್ತದೆ, ಮತ್ತೆ ಚಾರ್ಜ್ ಮಾಡುತ್ತೇವೆ (ಅಂದರೆ ಸಪ್ಲೈ ಕೊಡುತ್ತೇವೆ), ಮರೆಯುತ್ತೇವೆ. ಟ್ರಾನ್ಸ್‌ಫಾರ್ಮರ್ ಮರೆಯುವುದಿಲ್ಲ. ಫಾಲ್ಟ್ ಕರೆಂಟ್ ಹರಿದಾಗ ವೈಂಡಿಂಗ್ ಮೇಲೆ ಬೀಳುವ ಬಲವೂ ಕರೆಂಟಿನ ವರ್ಗದಂತೆ ಏರುತ್ತದೆ. ಫುಲ್ ಲೋಡಿನ 10 ಪಟ್ಟು ಕರೆಂಟ್ ಹೋದರೆ ಬಲ 100 ಪಟ್ಟು. ಒಂದು ಸಲಕ್ಕೆ ಏನೂ ಆಗದಿರಬಹುದು. ಪ್ರತಿ ಪೆಟ್ಟಿಗೂ ಸುತ್ತು ಕೂದಲೆಳೆಯಷ್ಟು ಅಲುಗಿದರೂ ಸಾಕು, ಕಾಗದ ಉಜ್ಜಿ ಉಜ್ಜಿ ತೆಳ್ಳಗಾಗುತ್ತದೆ.

ಮೂರನೆಯದು ತೇವ. ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿ.ಮೀ. ಮೇಲೆ. ಆ ಗಾಳಿಯನ್ನೇ ಟ್ರಾನ್ಸ್‌ಫಾರ್ಮರ್ ಬ್ರೀದರ್ ಮೂಲಕ ಉಸಿರಾಡಬೇಕು. ಬ್ರೀದರಿನಲ್ಲಿ ತೇವ ಹೀರಲು ಇಟ್ಟ ನೀಲಿ ಸಿಲಿಕಾ ಜೆಲ್ ಗುಲಾಬಿಯಾಯಿತು ಎಂದರೆ ಅದರ ಕೆಲಸ ಮುಗಿಯಿತು. ಆಮೇಲಿನ ತೇವ ನೇರ ಎಣ್ಣೆಗೆ, ಎಣ್ಣೆಯಿಂದ ಕಾಗದಕ್ಕೆ. ಕಾಗದದಲ್ಲಿ ತೇವ ಎರಡು ಪಟ್ಟಾದರೆ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬುದು ಹಳಬರ ಅಂದಾಜು ಲೆಕ್ಕ. ಬಯಲುಸೀಮೆಯ ಸ್ಟೇಷನ್ನಿಗೆ ಬರೆದ ವೇಳಾಪಟ್ಟಿ ಹಿಡಿದುಕೊಂಡು ಇಲ್ಲಿ ಜೆಲ್ ಬದಲಿಸಲು ಕೂತರೆ ಆಗುವುದಿಲ್ಲ. ಮಳೆಗಾಲದಲ್ಲಿ ಶಿಫ್ಟಿಗೊಮ್ಮೆ ಬಣ್ಣ ನೋಡಿ.

ಮೆಗ್ಗರ್ ವ್ಯಾಲ್ಯೂ ಚೆನ್ನಾಗಿ ಬಂದಿದೆ. ವೈಂಡಿಂಗ್ ಓಕೆ ಅಂತ ಬರೀಬಹುದಾ?

ಬೇಡ. ಮೆಗ್ಗರ್ ನೋಡುವುದು ವೈಂಡಿಂಗಿಗೂ ಬಾಡಿಗೂ ನಡುವಿನ, ಎಚ್‌ವಿಗೂ ಎಲ್‌ವಿಗೂ ನಡುವಿನ ಇನ್ಸುಲೇಷನ್. ಬಾವಿ ಹಗ್ಗವನ್ನು ಸುರುಳಿ ಸುತ್ತಿ ಮೊಳೆಗೆ ನೇತುಹಾಕಿದ್ದೀರಿ ಎನ್ನಿ. ಹಗ್ಗ ನೆಲಕ್ಕೆ ತಾಗಿದೆಯಾ ಎಂದು ಮೆಗ್ಗರ್ ಹೇಳುತ್ತದೆ. ಸುರುಳಿಯ ಒಂದು ಸುತ್ತು ಪಕ್ಕದ ಸುತ್ತಿಗೆ ತಾಗಿದೆಯಾ ಎಂದು ಕೇಳಿದರೆ ಅದಕ್ಕೆ ಗೊತ್ತಿಲ್ಲ. ಎರಡೂ ಒಂದೇ ತಾಮ್ರ ತಾನೇ? ತೇವ ಎಷ್ಟಿದೆ ಎಂದು ತಿಳಿಯಲು ಮೆಗ್ಗರ್, ಪಿಐ (ಪೋಲರೈಸೇಷನ್ ಇಂಡೆಕ್ಸ್), ಟ್ಯಾನ್ ಡೆಲ್ಟಾ ಎಂಬ ಇನ್ಸುಲೇಷನ್ ಟೆಸ್ಟುಗಳು ಎಲ್ಲಾ ಬೇಕು. ಅವು ಬೇರೆ ಪ್ರಶ್ನೆಗೆ ಉತ್ತರ.

ಬುಕೋಲ್ಜ್ ಅಲಾರಂ ಬಂದ್ರೆ ಗಾಳಿ ಬಿಟ್ಟು ರಿಸೆಟ್ ಮಾಡಿದ್ರೆ ಸಾಲದಾ?

ಮ್ಯಾಕ್ಸ್ ಬುಕೋಲ್ಜ್ ಎಂಬ ಜರ್ಮನ್ ಎಂಜಿನಿಯರ್ 1921ರಲ್ಲಿ ಕಂಡುಹಿಡಿದ ರಿಲೇ ಇದು. ಟ್ಯಾಂಕಿಗೂ ಕನ್ಸರ್ವೇಟರ್‌ಗೂ (ಹಿಗ್ಗಿದ ಎಣ್ಣೆಗೆ ಜಾಗ ಕೊಡುವ ಮೇಲಿನ ಡ್ರಮ್ಮಿಗೂ) ನಡುವಿನ ಪೈಪಿನಲ್ಲಿ ಕೂತಿರುತ್ತದೆ. ಒಳಗೆ ಎಲ್ಲಾದರೂ ಬಿಸಿಯಾಗಿ ಎಣ್ಣೆ, ಕಾಗದ ಒಡೆದರೆ ಗ್ಯಾಸ್ ಹುಟ್ಟುತ್ತದೆ. ಆ ಗುಳ್ಳೆಗಳು ಮೇಲೇರಿ ಇಲ್ಲಿ ಸೇರುತ್ತವೆ, ಮೇಲಿನ ಫ್ಲೋಟ್ ಇಳಿದು ಅಲಾರಂ ಕೊಡುತ್ತದೆ. ಒಳಗೆ ದೊಡ್ಡದಾಗಿ ಹೊಡೆದು ಎಣ್ಣೆ ರಭಸದಿಂದ ನುಗ್ಗಿದರೆ ಕೆಳಗಿನದು ಟ್ರಿಪ್ ಮಾಡುತ್ತದೆ. ನೂರು ವರ್ಷ ದಾಟಿದ ಈ ಸಾಧನ ಸುತ್ತಿನ ಫಾಲ್ಟನ್ನು ಡಿಫರೆನ್ಷಿಯಲ್‌ಗಿಂತ ಎಷ್ಟೋ ಮೊದಲೇ ಹಿಡಿಯುತ್ತದೆ. ನಾವು ಕಿವಿಗೊಡಬೇಕು ಅಷ್ಟೇ.

ಎಣ್ಣೆ ಫಿಲ್ಟರ್ ಮಾಡಿದ ಮೇಲೆ ಕೆಲವು ದಿನ ಬರೀ ಗಾಳಿ ಬಂದು ಸೇರುವುದುಂಟು, ನಿಜ. ಗಡಿಬಿಡಿ ಆಗುವುದೇ ಅಲ್ಲಿ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಘಟ್ಟದ ಮೇಲಿನ ಒಂದು ಸ್ಟೇಷನ್ನಿನಲ್ಲಿ ಹೀಗೇ ಆಯಿತು. 10 ಎಂವಿಎ ಟ್ರಾನ್ಸ್‌ಫಾರ್ಮರ್. ಬೇಸಿಗೆಯಲ್ಲಿ ಎಣ್ಣೆ ಫಿಲ್ಟರ್ ಆಗಿತ್ತು. ಜೂನಿನಲ್ಲಿ ಒಂದು ರಾತ್ರಿ ಅಲಾರಂ. ಆಪರೇಟರ್ ಗ್ಯಾಸ್ ಬಿಟ್ಟು, ರಿಸೆಟ್ ಮಾಡಿ, ಲಾಗ್ ಶೀಟಿನಲ್ಲಿ "ಗಾಳಿ" ಎಂದು ಬರೆದರು. ಒಂಬತ್ತು ದಿನಕ್ಕೆ ಮತ್ತೆ ಅಲಾರಂ. ಮತ್ತೆ "ಗಾಳಿ". ಆಮೇಲೆ ಎರಡೇ ದಿನಕ್ಕೆ ಮೂರನೆಯದು. ಅಲಾರಂಗಳ ನಡುವಿನ ಅಂತರ ಕುಗ್ಗುತ್ತಿದೆ ಎನ್ನುವುದನ್ನು ನೋಡಿದ್ದರೆ ಆವತ್ತೇ ಆಫ್ ಮಾಡುತ್ತಿದ್ದರು. ಉಳಿದ ಗಾಳಿ ಹೊರಬರುತ್ತಿದ್ದರೆ ಅಂತರ ಹಿಗ್ಗಬೇಕು, ಕುಗ್ಗಬಾರದು.

ನಮ್ಮನ್ನು ಕರೆಸಿದಾಗ ಮೆಗ್ಗರ್ ಚೆನ್ನಾಗಿತ್ತು. ರೇಷಿಯೋ (ಎಚ್‌ವಿ-ಎಲ್‌ವಿ ವೋಲ್ಟೇಜಿನ ಅನುಪಾತ) ಚೆನ್ನಾಗಿತ್ತು. ನಮ್ಮ ಸೀನಿಯರ್ ಒಬ್ಬರು 230 ವೋಲ್ಟನ್ನು ಎಚ್‌ವಿಯ ಒಂದೊಂದೇ ಫೇಸಿಗೆ ಕೊಟ್ಟು ಮಿಲಿ ಆಂಪಿಯರ್ ಓದಲು ಹೇಳಿದರು. ಮೂರು ಫೇಸಿಗೆ ಆರ್, ವೈ, ಬಿ ಎಂದು ಹೆಸರು. ಆರ್ ಫೇಸಿನಲ್ಲಿ 3ರ ಆಸುಪಾಸು, ವೈ ಫೇಸಿನಲ್ಲಿ 2 ಚಿಲ್ಲರೆ. ಬಿ ಫೇಸಿಗೆ ಕೊಟ್ಟಾಗ ಮುಳ್ಳು 60 ದಾಟಿತು. ಮೀಟರ್ ಕೆಟ್ಟಿದೆ ಎಂದುಕೊಂಡು ನಾನು ಮತ್ತೊಮ್ಮೆ ವೈರ್ ಬಿಗಿದೆ. ಅವರು ಮಾತಾಡದೆ ಎದ್ದು ಹೋಗಿ ಕೈ ತೊಳೆದುಕೊಂಡರು.

ಆಮೇಲೆ ಅದನ್ನು ಎತ್ತಿ ಬಿಚ್ಚಿದಾಗ ನೋಡಿದೆ. ಬಿ ಫೇಸಿನ ಮೇಲಿಂದ ಎರಡನೇ ಡಿಸ್ಕು. ಒಂದು ಗೇಣು ಜಾಗದಲ್ಲಿ ಕಾಗದ ಇದ್ದಿಲಾಗಿತ್ತು, ಮುಟ್ಟಿದರೆ ಉದುರುತ್ತಿತ್ತು. ಎರಡು ಸುತ್ತುಗಳ ನಡುವೆ ತಾಮ್ರ ಕರಗಿ ಕಾಳುಮೆಣಸಿನಷ್ಟು ದಪ್ಪದ ಮಣಿಯಾಗಿ ಕೂತಿತ್ತು. ಅದರ ಆಚೆ ಈಚೆ ಕಾಗದ ಹೊಸದರಂತೆ ಕೆನೆಬಣ್ಣ. ಆ ಮಣಿ ಬಹಳ ದಿನ ನನ್ನ ಟೂಲ್ ಬಾಕ್ಸಿನಲ್ಲಿತ್ತು.

ಗ್ಯಾಸಿನ ಬಣ್ಣ ನೋಡಿ ಹೇಳಬಹುದು ಅಂತಾರಲ್ಲ?

ಹಳೆಯ ಪದ್ಧತಿ. ಬೂದು-ಬಿಳಿ ಇದ್ದರೆ ಕಾಗದ, ಹಳದಿ ಇದ್ದರೆ ಮರ, ಕಪ್ಪು ಇದ್ದರೆ ಎಣ್ಣೆ ಸುಟ್ಟಿದೆ ಎಂದು ಹೇಳುತ್ತಿದ್ದರು. ಬಣ್ಣ ಬೇಗ ಮಾಸುತ್ತದೆ, ನಂಬಿ ಕೂರಬೇಡಿ. ಗ್ಯಾಸನ್ನು ಸಿರಿಂಜಿನಲ್ಲಿ ಹಿಡಿದು ಲ್ಯಾಬಿಗೆ ಕಳಿಸಿ. ಬೆಂಕಿಕಡ್ಡಿ ಗೀರಿ ಉರಿಯುತ್ತದಾ ಎಂದು ನೋಡುವ ಶೂರರನ್ನೂ ಕಂಡಿದ್ದೇನೆ. ಅದರಲ್ಲಿ ಹೈಡ್ರೋಜನ್, ಅಸಿಟಿಲೀನ್ ಇರಬಹುದು. ದಯವಿಟ್ಟು ಬೇಡ.

ಡಿಜಿಎ ರಿಪೋರ್ಟ್ ಬಂದಿದೆ, ಏಳು ಗ್ಯಾಸು ಏಳು ನಂಬರು. ಎಲ್ಲಿಂದ ಓದೋದು?

ಎಣ್ಣೆಯಲ್ಲಿ ಕರಗಿರುವ ಗ್ಯಾಸುಗಳ ಪರೀಕ್ಷೆ ಇದು. ಬುಕೋಲ್ಜಿಗೆ ಗುಳ್ಳೆಯಾಗಿ ಬರುವ ಮೊದಲೇ ಗ್ಯಾಸ್ ಎಣ್ಣೆಯಲ್ಲಿ ಕರಗಿ ಕೂತಿರುತ್ತದೆ. ಹಾಗಾಗಿ ಮೊದಲ ಸುಳಿವು ಸಿಗುವುದು ಇಲ್ಲಿ.

ಏಳನ್ನೂ ಒಟ್ಟಿಗೆ ನೋಡಬೇಡಿ, ಗೊಂದಲವಾಗುತ್ತದೆ. ಹೈಡ್ರೋಜನ್ ಹೆಚ್ಚುಕಮ್ಮಿ ಎಲ್ಲ ತೊಂದರೆಗೂ ಬರುತ್ತದೆ. ಅದೊಂದೇ ಏರಿದ್ದರೆ ಪಾರ್ಷಿಯಲ್ ಡಿಸ್ಚಾರ್ಜ್ (ಇನ್ಸುಲೇಷನ್ನಿನ ಒಂದು ಭಾಗದಲ್ಲಷ್ಟೇ ಆಗುವ ಸಣ್ಣ ಡಿಸ್ಚಾರ್ಜ್) ಇರಬಹುದು. ಮೀಥೇನ್, ಈಥೇನ್ ಹದವಾದ ಬಿಸಿಗೆ. ಎಥಿಲೀನ್ ಜೋರು ಬಿಸಿಗೆ. ಅಸಿಟಿಲೀನ್ ಗಣನೀಯವಾಗಿ ಬರಬೇಕಾದರೆ 700 ಡಿಗ್ರಿ ದಾಟಬೇಕು, ಅಂದರೆ ಎಲ್ಲೋ ಕಿಡಿ ಹಾರುತ್ತಿದೆ. ಕಾರ್ಬನ್ ಮಾನಾಕ್ಸೈಡ್, ಡಯಾಕ್ಸೈಡ್ ಎರಡೂ ಕಾಗದದ ಕಡೆಗೆ ಬೆರಳು ತೋರಿಸುತ್ತವೆ. ಡಯಾಕ್ಸೈಡನ್ನು ಮಾನಾಕ್ಸೈಡಿನಿಂದ ಭಾಗಿಸಿದಾಗ 3ಕ್ಕಿಂತ ಕಡಿಮೆ ಬಂದು, ಜೊತೆಗೆ ಬೇರೆ ಗ್ಯಾಸುಗಳೂ ಏರಿದ್ದರೆ ಕಾಗದ ಸುಡುತ್ತಿದೆ ಎಂದು ಅನುಮಾನಿಸಬೇಕು. ವೈಂಡಿಂಗ್ ಮಟ್ಟಿಗೆ ನಾನು ಮೊದಲು ಕಣ್ಣಾಡಿಸುವುದು ಅಸಿಟಿಲೀನ್, ಎಥಿಲೀನ್, ಮಾನಾಕ್ಸೈಡ್ ಮೂರರ ಮೇಲೆ.

ಕೆನಡಾದ ಮಿಷೆಲ್ ಡುವಾಲ್ 1970ರ ದಶಕದಲ್ಲಿ ಮಾಡಿಕೊಟ್ಟ ತ್ರಿಕೋನ ಈಗಲೂ ಎಲ್ಲರ ಗೋಡೆಯ ಮೇಲಿದೆ. ಮೀಥೇನ್ 40, ಎಥಿಲೀನ್ 60, ಅಸಿಟಿಲೀನ್ 100 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಇದೆ ಎನ್ನಿ. ಒಟ್ಟು 200. ಶೇಕಡಾವಾರು 20, 30, 50. ತ್ರಿಕೋನದಲ್ಲಿ ಗುರುತು ಹಾಕಿದರೆ ಡಿ2 ವಲಯದಲ್ಲಿ ಬೀಳುತ್ತದೆ, ಅಂದರೆ ಜೋರಾದ ಆರ್ಕಿಂಗ್. ಒಂದು ಎಚ್ಚರಿಕೆ. ಯಾವ ಮೂರು ನಂಬರು ಕೊಟ್ಟರೂ ಆ ತ್ರಿಕೋನ ಏನಾದರೊಂದು ರೋಗದ ಹೆಸರು ಹೇಳಿಯೇ ಹೇಳುತ್ತದೆ. ಆರೋಗ್ಯವಾಗಿದೆ ಎನ್ನುವ ಮೂಲೆ ಅದರಲ್ಲಿಲ್ಲ. ಗ್ಯಾಸ್ ನಿಜಕ್ಕೂ ಏರಿದೆ ಎಂದು ಖಾತ್ರಿಯಾದ ಮೇಲೆ ಮಾತ್ರ ಅದನ್ನು ತೆರೆಯಿರಿ.

ಏರಿದೆ ಎಂದು ಹೇಗೆ ಖಾತ್ರಿ? ಹಿಂದಿನ ರಿಪೋರ್ಟ್ ಪಕ್ಕಕ್ಕಿಟ್ಟು. ಐಇಸಿ 60599 ಎಂಬ ಅಂತರರಾಷ್ಟ್ರೀಯ ಸ್ಟ್ಯಾಂಡರ್ಡಿನಲ್ಲಿ ಮಾಮೂಲಿ ಮಟ್ಟಗಳನ್ನು ಕೊಟ್ಟಿದ್ದಾರೆ: ಹೈಡ್ರೋಜನ್ 50ರಿಂದ 150, ಟ್ಯಾಪ್ ಚೇಂಜರ್ ಎಣ್ಣೆ ಬೆರೆಯದ ಟ್ರಾನ್ಸ್‌ಫಾರ್ಮರಿಗೆ ಅಸಿಟಿಲೀನ್ 2ರಿಂದ 20 ಪಿಪಿಎಂ, ಹೀಗೆ. ಆದರೆ ಹತ್ತು ವರ್ಷದಿಂದ 15ರಲ್ಲೇ ಕೂತಿರುವ ಅಸಿಟಿಲೀನ್‌ಗಿಂತ, ಹೋದ ತಿಂಗಳು ಸೊನ್ನೆ ಇದ್ದು ಈ ತಿಂಗಳು 6 ಆದದ್ದು ನನ್ನ ನಿದ್ದೆ ಕೆಡಿಸುತ್ತದೆ. ಮೊದಲನೆಯದು ಮಿತಿಯ ಹತ್ತಿರ, ಎರಡನೆಯದು ಮಿತಿಯೊಳಗೆ. ಆದರೂ.

ಅಸಿಟಿಲೀನ್ ಬಂದಿದೆ, ಆದ್ರೆ ಬೇರೆ ಏನೂ ಇಲ್ಲ. ಗಾಬರಿ ಬೀಳ್ಬೇಕಾ?

ಟ್ಯಾಪ್ ಚೇಂಜರ್ ನೋಡಿ ಮೊದಲು. ಅದರ ಡೈವರ್ಟರ್ ಎಂಬ ಸ್ವಿಚ್ಚಿನಲ್ಲಿ ಪ್ರತಿ ಸಲ ಟ್ಯಾಪ್ ಬದಲಿಸುವಾಗಲೂ ಕಿಡಿ ಹಾರುತ್ತದೆ. ಅಲ್ಲಿನ ಎಣ್ಣೆಯಲ್ಲಿ ಅಸಿಟಿಲೀನ್ ತುಂಬಿರುವುದು ಸಹಜ. ಸೀಲ್ ಸೋರಿ ಆ ಎಣ್ಣೆ ಮೇನ್ ಟ್ಯಾಂಕಿಗೆ ಬಂದರೆ ವೈಂಡಿಂಗ್ ಮೇಲೆ ಸುಳ್ಳು ಆರೋಪ ಬರುತ್ತದೆ. ಎರಡೂ ಕಡೆ ಸ್ಯಾಂಪಲ್ ತೆಗೆದು ಹೋಲಿಸಿ. ಟ್ಯಾಂಕಿನ ಮೇಲೆ ಹಿಂದೆ ವೆಲ್ಡಿಂಗ್ ಆಗಿತ್ತಾ ಎಂದೂ ವಿಚಾರಿಸಿ, ಅದೂ ಗ್ಯಾಸ್ ಕೊಡುತ್ತದೆ.

ಮಳೆಗಾಲದಲ್ಲಿ ಎಣ್ಣೆ ಸ್ಯಾಂಪಲ್ ತೆಗೀಬಹುದಾ?

ಹೊಳವಾಗುವವರೆಗೆ ಕಾಯಿರಿ. ತುರ್ತಾದರೆ ವಾಲ್ವ್ ಮೇಲೆ ಟಾರ್ಪಾಲ್ ಕಟ್ಟಿ. ವಾಲ್ವ್ ಬಾಯಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಒಂದೆರಡು ಲೀಟರ್ ಎಣ್ಣೆ ಹರಿಯಬಿಟ್ಟು, ಆಮೇಲೆ ಗಾಜಿನ ಸಿರಿಂಜಿಗೆ ಹಿಡಿಯಿರಿ. ಒಳಗೆ ಗುಳ್ಳೆ ಇರಬಾರದು. ಬೆಳಕು ಬೀಳದಂತೆ ಡಬ್ಬದಲ್ಲಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಿ. ಚೀಟಿಯಲ್ಲಿ ಎಣ್ಣೆಯ ಬಿಸಿ, ಆ ಹೊತ್ತಿನ ಲೋಡ್, ತೆಗೆದ ವಾಲ್ವ್ ಯಾವುದು ಎಂದು ಬರೆಯಿರಿ. ತೊಳೆದ ಕೂಲ್ ಡ್ರಿಂಕ್ಸ್ ಬಾಟಲಿಯಲ್ಲಿ ಬಂದ ಸ್ಯಾಂಪಲನ್ನೂ ನೋಡಿದ್ದೇನೆ. ಅದರಲ್ಲಿ ಹೈಡ್ರೋಜನ್ ಹುಡುಕಿದರೆ ಸಿಕ್ಕೀತೆ?

ಆಫ್ ಮಾಡಿ ಟೆಸ್ಟ್ ಮಾಡೋದಾದ್ರೆ ಯಾವುದು ಮೊದಲು?

ಮ್ಯಾಗ್ನೆಟೈಸಿಂಗ್ ಕರೆಂಟ್ ಮೊದಲು, ಅಂದರೆ ಮೇಲೆ ಹೇಳಿದ 230 ವೋಲ್ಟಿನ ಟೆಸ್ಟ್. ವೈಂಡಿಂಗ್ ರೆಸಿಸ್ಟೆನ್ಸ್ ಕೊನೆಗೆ. ಇದರಲ್ಲಿ ಹಟ ಮಾಡಿ. ರೆಸಿಸ್ಟೆನ್ಸಿಗೆ ಡಿಸಿ ಕೊಡುತ್ತೇವೆ, ಕೋರ್‌ನಲ್ಲಿ ಕಾಂತತ್ವ ಉಳಿದುಬಿಡುತ್ತದೆ. ಅದಾದ ಮೇಲೆ ಮ್ಯಾಗ್ನೆಟೈಸಿಂಗ್ ಕರೆಂಟ್ ನೋಡಿದರೆ ಇಲ್ಲದ ಫಾಲ್ಟ್ ಕಾಣುತ್ತದೆ. ಇದೇ ತಪ್ಪಿನಿಂದ ಒಮ್ಮೆ ಒಳ್ಳೆಯ ಟ್ರಾನ್ಸ್‌ಫಾರ್ಮರನ್ನು ಎರಡು ದಿನ ನಿಲ್ಲಿಸಿದ್ದೆವು.

ಮೂರು ಕಾಲಿನ ಕೋರ್‌ನಲ್ಲಿ ನಡುವಿನ ಫೇಸಿನ ಮ್ಯಾಗ್ನೆಟೈಸಿಂಗ್ ಕರೆಂಟ್ ಕಡಿಮೆ, ಅಂಚಿನ ಎರಡು ಹೆಚ್ಚುಕಮ್ಮಿ ಸಮ. ಈ ಮಾದರಿ ಕೆಟ್ಟರೆ ಅನುಮಾನ. ಸುತ್ತು ಪೂರ್ತಿ ಶಾರ್ಟ್ ಆಗಿದ್ದರೆ ಮೇಲೆ ಹೇಳಿದ ಬಿ ಫೇಸಿನಂತೆ ಕರೆಂಟ್ ಹತ್ತಾರು ಪಟ್ಟು ಹಾರುತ್ತದೆ. ಕಾಗದ ಇನ್ನೂ ಅರ್ಧ ಜೀವದಲ್ಲಿದ್ದರೆ 230 ವೋಲ್ಟಿಗೆ ತಡೆದುಕೊಂಡು ಏನೂ ಗೊತ್ತಿಲ್ಲದಂತೆ ಇರಲೂಬಹುದು. ಅಂಥಲ್ಲಿ ಡಿಜಿಎ ಮಾತ್ರ ಆಸರೆ.

ಮ್ಯಾಗ್ನೆಟಿಕ್ ಬ್ಯಾಲೆನ್ಸ್ ಇದರ ಜೊತೆಯದು. ಅಂಚಿನ ಫೇಸಿಗೆ ವೋಲ್ಟೇಜ್ ಕೊಟ್ಟರೆ ನಡುವಿನದರಲ್ಲಿ ಶೇ. 80ರಿಂದ 90, ಆ ಕಡೆಯ ಅಂಚಿನಲ್ಲಿ ಉಳಿದದ್ದು. ನಡುವಿನದಕ್ಕೆ ಕೊಟ್ಟರೆ ಎರಡೂ ಕಡೆ ಅರ್ಧರ್ಧ. ಶಾರ್ಟ್ ಆದ ಸುತ್ತು ಇರುವ ಕಾಲು ಫ್ಲಕ್ಸನ್ನು (ಕಾಂತೀಯ ಹರಿವನ್ನು) ಒಳಗೆ ಬಿಟ್ಟುಕೊಳ್ಳುವುದಿಲ್ಲ, ಅಲ್ಲಿನ ವೋಲ್ಟೇಜ್ ಕುಸಿಯುತ್ತದೆ.

ರೇಷಿಯೋ ಟೆಸ್ಟಿನ ಮಿತಿ ನೇಮ್ ಪ್ಲೇಟಿಗಿಂತ ಶೇ. 0.5 ಆಚೀಚೆ. 1000 ಸುತ್ತಿನಲ್ಲಿ ಒಂದು ಹೋದರೆ ಬದಲಾವಣೆ ಶೇ. 0.1. ಅಂದರೆ ಪಾಸ್! ರೇಷಿಯೋ ಅಳೆಯುವ ಟಿಟಿಆರ್ ಮೀಟರಿನಲ್ಲಿ ರೇಷಿಯೋ ಪಕ್ಕದಲ್ಲೇ ಎಕ್ಸೈಟೇಷನ್ ಕರೆಂಟ್ (ಮ್ಯಾಗ್ನೆಟೈಸಿಂಗ್ ಕರೆಂಟೇ) ತೋರಿಸುತ್ತದೆ. ನಮ್ಮವರು ಅದನ್ನು ಬರೆದುಕೊಳ್ಳುವುದೇ ಇಲ್ಲ. ನಿಜವಾದ ಸುದ್ದಿ ಅದರಲ್ಲಿರುತ್ತದೆ.

ರೆಸಿಸ್ಟೆನ್ಸ್ ಕೂಡ ಒಂದು ಸುತ್ತಿನ ಶಾರ್ಟನ್ನು ಕಾಣುವುದಿಲ್ಲ. ಸಡಿಲ ಜಾಯಿಂಟ್, ತುಂಡಾದ ಎಳೆ, ಟ್ಯಾಪಿನ ಕೊಳೆ ಕಾಂಟ್ಯಾಕ್ಟ್ ಹಿಡಿಯಲು ಅದು ಬೇಕು. ಹಳೆಯ ಅಳತೆಯ ಜೊತೆ ಹೋಲಿಸುವಾಗ ಎರಡನ್ನೂ 75 ಡಿಗ್ರಿಗೆ ತನ್ನಿ. ತಾಮ್ರಕ್ಕೆ ಲೆಕ್ಕ ಸುಲಭ: 310 ಅನ್ನು, 235ಕ್ಕೆ ವೈಂಡಿಂಗ್ ಬಿಸಿ ಕೂಡಿಸಿದ ಮೊತ್ತದಿಂದ ಭಾಗಿಸಿ, ಬಂದದ್ದರಿಂದ ಗುಣಿಸಿ. 28 ಡಿಗ್ರಿಯಲ್ಲಿ ಅಳೆದಿದ್ದರೆ 1.179.

ಎಸ್‌ಎಫ್‌ಆರ್‌ಎ ಮಾಡಿಸಿದ್ರೆ ಎಲ್ಲಾ ಗೊತ್ತಾಗುತ್ತಾ?

ಸ್ವೀಪ್ ಫ್ರೀಕ್ವೆನ್ಸಿ ರೆಸ್ಪಾನ್ಸ್ ಅನಾಲಿಸಿಸ್ ಎಂದು ಇದರ ಪೂರ್ತಿ ಹೆಸರು. ವೈಂಡಿಂಗ್ ಜಾಗ ಬಿಟ್ಟು ಸರಿದಿದೆಯಾ, ಡೊಂಕಾಗಿದೆಯಾ ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಟೆಸ್ಟ್ ಇಲ್ಲ. 20 ಹರ್ಟ್ಸ್‌ನಿಂದ 2 ಮೆಗಾ ಹರ್ಟ್ಸ್‌ವರೆಗೆ ಸಿಗ್ನಲ್ ಕೊಟ್ಟು, ಆ ಕಡೆ ಎಷ್ಟು ಬಂತು ಎಂದು ಗೆರೆ ಎಳೆಯುತ್ತಾರೆ. ಸುತ್ತು ಶಾರ್ಟ್ ಆಗಿದ್ದರೆ ಗೆರೆಯ ಎಡತುದಿಯಲ್ಲಿ, ಕೋರ್ ಕಾಣುವ ಕಡಿಮೆ ಫ್ರೀಕ್ವೆನ್ಸಿಯ ಭಾಗದಲ್ಲೇ ಆ ಫೇಸು ಉಳಿದೆರಡರಿಂದ ದೂರ ಸರಿದು ನಿಲ್ಲುತ್ತದೆ. ವೈಂಡಿಂಗ್ ಡೊಂಕಾಗಿದ್ದರೆ ನಡುಭಾಗದ ಏರಿಳಿತಗಳು ಪಕ್ಕಕ್ಕೆ ಜರುಗುತ್ತವೆ. ಹೊಸ ಟ್ರಾನ್ಸ್‌ಫಾರ್ಮರನ್ನು ಟ್ರೈಲರಿನಲ್ಲಿ ಘಾಟಿ ಹತ್ತಿಸಿ ತಂದಾಗ ಇದನ್ನು ಮಾಡಿಸಲೇಬೇಕು. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಬಸ್ಸಿನೊಳಗೆ ಕೂತ ನಮಗೇ ಹೊಟ್ಟೆ ತೊಳಸುತ್ತದೆ, ಒಳಗಿರುವ ತಾಮ್ರಕ್ಕೆ ಏನೂ ಆಗಿಲ್ಲ ಎಂದು ಬರೀ ಹೊರಗಿನಿಂದ ನೋಡಿ ಹೇಳುವುದು ಹೇಗೆ?

ಆದರೆ ಗೆರೆಗೆ ಗೆರೆ ಹೋಲಿಸಬೇಕು. ಒಂದು ಕಡೆ ಇಡೀ ದಿನ ಕೂತು ಚಂದದ ಗ್ರಾಫ್ ತೆಗೆದೆವು. ಕಮಿಷನಿಂಗ್ (ಮೊದಲ ಸಲ ಚಾಲೂ ಮಾಡಿದ) ಹೊತ್ತಿನ ಗ್ರಾಫ್ ಕೊಡಿ ಎಂದರೆ ಸಿಡಿ ಕಳೆದಿತ್ತು. ಪ್ರಿಂಟ್ ಹಾಕಿಟ್ಟಿದ್ದ ಫೈಲಿಗೆ ಗೆದ್ದಲು ಹಿಡಿದಿತ್ತು. ಕೊನೆಗೆ ಫೇಸಿಗೆ ಫೇಸು ಹೋಲಿಸಿ, ಅದೇ ತಯಾರಿಯ ಇನ್ನೊಂದು ಟ್ರಾನ್ಸ್‌ಫಾರ್ಮರಿನದನ್ನು ತರಿಸಿ ಹೇಗೋ ಒಂದು ತೀರ್ಮಾನಕ್ಕೆ ಬಂದೆವು.

ಡಬ್ಲ್ಯುಟಿಐ ಡಯಲ್ ವೈಂಡಿಂಗ್ ಬಿಸಿ ತೋರಿಸುತ್ತಲ್ಲ, ಅದು ಏರಲ್ವಾ?

ಇಲ್ಲ. ಅದು ವೈಂಡಿಂಗನ್ನು ಮುಟ್ಟಿಯೇ ಇಲ್ಲ. ಮೇಲಿನ ಎಣ್ಣೆಯ ಬಿಸಿಗೆ, ಸಿಟಿಯಿಂದ ಬಂದ ಕರೆಂಟಿನ ಲೆಕ್ಕ ಸೇರಿಸಿ ತೋರಿಸುವ ಅಂದಾಜು. ಒಂದು ಸುತ್ತು ಕೆಂಪಗೆ ಕಾದರೂ ಡಯಲ್ ತಣ್ಣಗಿರುತ್ತದೆ.

ಆನ್‌ಲೈನ್ ಗ್ಯಾಸ್ ಮಾನಿಟರ್ ಹಾಕಿಸಿದ್ರೆ ಒಳ್ಳೇದಾ?

ಶರಾವತಿಯಂಥ ಕಡೆ, 10 ಯೂನಿಟ್ ಸೇರಿ 1035 ಮೆಗಾವ್ಯಾಟ್ ಹೊರಡುವ ಜಾಗದಲ್ಲಿ ಒಂದು ಜನರೇಟರ್ ಟ್ರಾನ್ಸ್‌ಫಾರ್ಮರ್ ಕೆಟ್ಟು ಕೂತರೆ ನಷ್ಟ ಎಷ್ಟೆಂದು ನೀವೇ ಊಹಿಸಿ. 220, 400 ಕೆವಿ ದೊಡ್ಡವಕ್ಕೆ ಮಾನಿಟರ್ ಹಾಕುವುದರಲ್ಲಿ ಅರ್ಥವಿದೆ. ಸಣ್ಣ ಸ್ಟೇಷನ್ನಿಗೆ ನನ್ನ ಅಭಿಪ್ರಾಯ ಬೇರೆ. ಆ ದುಡ್ಡಿಗೆ ವರ್ಷಕ್ಕೆರಡು ಡಿಜಿಎ, ಒಂದು ಮಳೆಗಾಲದ ಮೊದಲು, ಒಂದು ಆದ ಮೇಲೆ, ಎಷ್ಟೋ ವರ್ಷ ಮಾಡಿಸಬಹುದು.

ನಮ್ಮ ತೋಟದ ಟಿಸಿ ಗುಂಯ್ ಅಂತಾ ಇರುತ್ತೆ. ಕೆಡ್ತಾ ಇದೆಯಾ?

ಟಿಸಿ ಎಂದರೆ ಕಂಬದ ಮೇಲಿನ ಸಣ್ಣ ಟ್ರಾನ್ಸ್‌ಫಾರ್ಮರ್. ಗುಂಯ್ ಎನ್ನುವುದು ಅದರ ಸಹಜ ದನಿ. 50 ಹರ್ಟ್ಸ್ ಸಪ್ಲೈಗೆ ಕೋರ್‌ನ ತಗಡು ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗುತ್ತದೆ. ಚಟಚಟ ಎನ್ನುವುದು, ಒಳಗೆ ನೀರು ಕುದಿದಂಥ ಸದ್ದು, ಎಣ್ಣೆ ಉಕ್ಕಿ ಬರುವುದು, ಲೋಡ್ ಇಲ್ಲದಾಗಲೂ ಫ್ಯೂಸ್ ಹೋಗುವುದು, ಇವು ಕೆಟ್ಟ ಲಕ್ಷಣ. ಹತ್ತಿರ ಹೋಗಬೇಡಿ, ವಿದ್ಯುತ್ ಸಹಾಯವಾಣಿ 1912ಕ್ಕೆ ಫೋನ್ ಮಾಡಿ.

ಮತ್ತೊಂದು ಮಾತು, ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. 25 ಕೆವಿಎ ಟಿಸಿಗೆ 11 ಕೆವಿ ಕಡೆ ಫುಲ್ ಲೋಡ್ ಬರೀ 1.3 ಆಂಪಿಯರ್, ಎಲ್‌ಟಿ (ಮನೆ, ಪಂಪ್‌ಸೆಟ್ಟಿಗೆ ಹೋಗುವ ಕಡಿಮೆ ವೋಲ್ಟೇಜ್) ಕಡೆ 33 ಆಂಪಿಯರ್. ಪದೇ ಪದೇ ಫ್ಯೂಸ್ ಹೋಗುತ್ತದೆ ಎಂದು ಯಾರೋ ದಪ್ಪ ತಂತಿ ಕಟ್ಟಿದರೆ ಆಮೇಲೆ ಫ್ಯೂಸಿನ ಬದಲು ವೈಂಡಿಂಗ್ ಸುಡುತ್ತದೆ. ಆಗ ಊರಿಗೆಲ್ಲಾ ಕತ್ತಲೆ, ಪಂಪ್‌ಸೆಟ್ಟೂ ಇಲ್ಲ.

ಟ್ರಿಪ್ ಆಗಿದೆ. ಒಂದ್ಸಲ ಚಾರ್ಜ್ ಮಾಡಿ ನೋಡೋಣ್ವಾ ಸಾರ್?

ಫೀಡರ್ ಟ್ರಿಪ್ ಆದರೆ ಬೇರೆ ಮಾತು. ಬುಕೋಲ್ಜ್ ಅಥವಾ ಡಿಫರೆನ್ಷಿಯಲ್ ಕೆಲಸ ಮಾಡಿದ್ದರೆ, ಕಾರಣ ಗೊತ್ತಾಗದೆ ಚಾರ್ಜ್ ಮಾಡಬಾರದು. ಮೇಲಿನಿಂದ ಎಷ್ಟೇ ಫೋನ್ ಬರಲಿ. ಎರಡು ಸುತ್ತು ಹೋಗಿದ್ದರೆ ಒಂದು ಕಾಯಿಲ್ ಬದಲಿಸಿ ರಿಪೇರಿ ಮಾಡಬಹುದು. ಇನ್ನೊಂದು ಸಲ ಪೂರ್ತಿ ವೋಲ್ಟೇಜ್ ಕೊಟ್ಟರೆ ಕೋರ್ ಸುಟ್ಟು, ಟ್ಯಾಂಕ್ ಉಬ್ಬಿ, ಬೆಂಕಿಯೂ ಹೊತ್ತಬಹುದು.

ರಿಜಿಸ್ಟರಿನಲ್ಲಿ ಏನೇನು ಬರೆದಿಡಬೇಕು?

ಕಮಿಷನಿಂಗ್ ದಿನದ ಎಲ್ಲ ಅಳತೆ, ಟೆಸ್ಟ್ ಮಾಡಿದ ಕಿಟ್ ಯಾವುದು, ಕೊಟ್ಟ ವೋಲ್ಟೇಜ್ ಎಷ್ಟು, ಟ್ಯಾಪ್ ಎಷ್ಟರಲ್ಲಿತ್ತು, ಎಣ್ಣೆಯ ಬಿಸಿ. ಪ್ರತಿ ಡಿಜಿಎ. ಪ್ರತಿ ಬುಕೋಲ್ಜ್ ಅಲಾರಂ, ಗಂಟೆ ನಿಮಿಷ ಸಹಿತ, ಎಷ್ಟು ಗ್ಯಾಸ್ ಬಂತು ಎನ್ನುವುದೂ. ಹತ್ತಿರದ ಫೀಡರ್ ಫಾಲ್ಟುಗಳಲ್ಲಿ ರಿಲೇ ತೋರಿಸಿದ ಆಂಪಿಯರ್. ಟ್ರಾನ್ಸ್‌ಫಾರ್ಮರ್ ಬೇರೆ ಸ್ಟೇಷನ್ನಿಗೆ ಹೋದರೆ ಪುಸ್ತಕವೂ ಅದರ ಜೊತೆಗೇ ಹೋಗಬೇಕು. ಫೋನಿನಲ್ಲಿ ಪ್ರತಿ ಪುಟದ ಫೋಟೋ ತೆಗೆದಿಡಿ, ಗೆದ್ದಲು ಅಲ್ಲಿಗೆ ಬರುವುದಿಲ್ಲ. ಬರೆಯಲು ಬಾಲ್ ಪೆನ್ ಆಗಲಿ, ಪೆನ್ಸಿಲ್ಲೇ ಆಗಲಿ ಪರವಾಗಿಲ್ಲ. ಇಂಕ್ ಪೆನ್ ಮಾತ್ರ ಬೇಡ, ಶ್ರಾವಣದ ತೇವಕ್ಕೆ ಅಕ್ಷರ ಹರಡಿ 3 ಯಾವುದು 8 ಯಾವುದು ಗೊತ್ತಾಗುವುದಿಲ್ಲ.